ತೋಟದ ಮದ್ದು ಮೈಗೆ ಹತ್ತಿದ ಕೇಸು ಬಂದ್ರೆ ನಾನು ಏನ್ ಮಾಡ್ತೀನಿ

ವಿರಾಜಪೇಟೆ ಕಡೆ ಕ್ಯಾಶುವಾಲಿಟೀಲಿ ಕೆಲ್ಸ ಮಾಡೋರಿಗೆ ತೋಟದ ಮದ್ದಿನ ಕೇಸು ಹೊಸದೇನಲ್ಲ. ಕ್ಲೋರ್‌ಪೈರಿಫಾಸ್ ತರದ ಕೀಟನಾಶಕನ ಗ್ಲೌಸಿಲ್ದೆ ಹೊಡೀತಾರೆ, ನೆಂದ ಅಂಗೀಲೇ ಸಂಜೆ ತನಕ ಇರ್ತಾರೆ, ಲೈನ್ ಮನೆಗೆ, ಅಂದ್ರೆ ತೋಟದ ಕೆಲಸಗಾರರ ಸಾಲುಮನೆಗೆ, ಬಂದು ವಾಂತಿ ಶುರುವಾದ್ಮೇಲೆ ಪಿಕಪ್‌ನಲ್ಲಿ ಹಾಕ್ಕೊಂಡು ಬರ್ತಾರೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಚುಕ್ಕಿಯಷ್ಟೇ, ತೊಡೆ ಚರ್ಮದ ಕೆಳಗೆ ಸ್ನಾಯು ಪಟಪಟ ಅದುರ್ತಿರುತ್ತೆ.

ನರ ತಾನು ಹೇಳ್ಬೇಕಾದ್ದನ್ನ ಸ್ನಾಯುಗೆ, ಗ್ರಂಥಿಗೆ ಅಸಿಟೈಲ್‌ಕೋಲಿನ್ ಮೂಲಕ ಹೇಳುತ್ತೆ, ಹೇಳಿದ ತಕ್ಷಣ ಅದು ಇಲ್ದಂಗಾಗ್ಬೇಕು. ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನೋ ಕಿಣ್ವ ಸೆಕೆಂಡಿಗೆ ಸಾವಿರಾರು ಅಣುಗಳನ್ನ ಕೋಲಿನ್, ಅಸಿಟೇಟ್ ಅಂತ ತುಂಡು ಮಾಡುತ್ತೆ, ಕೋಲಿನ್‌ನ ನರ ವಾಪಸ್ ಎಳ್ಕೊಂಡು ಮತ್ತೆ ಬಳಸುತ್ತೆ. ಡೋಪಮಿನ್, ಸೆರಟೋನಿನ್ ಹಂಗಲ್ಲ, ಅವನ್ನ ಹೆಚ್ಚಾಗಿ ನರವೇ ಇಡಿಯಾಗಿ ಒಳಗೆ ಎಳ್ಕೊಂಡ್ಬಿಡುತ್ತೆ, ಒಡೆಯೋದೆಲ್ಲ ಆಮೇಲೆ. ಅಸಿಟೈಲ್‌ಕೋಲಿನ್‌ದು ಮಾತ್ರ ಈ ಒಂದು ಕಿಣ್ವದ ಮೇಲೇ ನಿಂತಿದೆ, ಮದ್ದು ಹೋಗಿ ಕಚ್ಕೊಳ್ಳೋದೂ ಅದನ್ನೇ. ಆಗ ಅಸಿಟೈಲ್‌ಕೋಲಿನ್ ಹೋಗ್ದೆ ಉಳ್ಕೊಂಡು ಗ್ರಂಥಿ, ಸ್ನಾಯುನ ತಟ್ತಾನೇ ಇರುತ್ತೆ, ಜೊಲ್ಲು, ಬೆವರು, ಅದುರೋದು ಎಲ್ಲ ಅದರಿಂದ್ಲೇ.

ಆಕ್ಸಿಜನ್ ಹಾಕಿ, ಸಿಸ್ಟರ್‌ಗೆ ಗ್ಲೌಸ್ ಹಾಕ್ಕೊಂಡು ಬಟ್ಟೆ ಬಿಚ್ಚಿ ಸೋಪಲ್ಲಿ ತೊಳೀರಿ ಅಂತೀನಿ, ಕೂದಲು ಉಗುರು ಸಮೇತ. ಜೊತೆಗೇ ಅಟ್ರೋಪಿನ್. 0.6 ಮಿಲಿಗ್ರಾಂ ಆಂಪೂಲ್ ಮೂರೋ ನಾಲ್ಕೋ ಒಟ್ಟಿಗೆ ಕೊಟ್ಟು ಐದು ನಿಮಿಷ ಬಿಟ್ಟು ಎದೆ ಕೇಳ್ತೀನಿ, ಗೊರಗೊರ ಹಂಗೇ ಇದ್ರೆ ಡಬಲ್. ಹೊಸ ಡ್ಯೂಟಿ ಡಾಕ್ಟ್ರುಗಳು ಪಾಪೆ ದೊಡ್ಡದಾಯ್ತು, ಪಲ್ಸ್ ಏರ್ತು ಅಂತ ನಿಲ್ಲಿಸೋಕೆ ನೋಡ್ತಾರೆ, ನನಗೆ ಶ್ವಾಸಕೋಶ ಒಣಗ್ಬೇಕು.

ಆದ್ರೆ ಅಟ್ರೋಪಿನ್ ಕಿಣ್ವನ ಬಿಡಿಸಲ್ಲ. ಅಸಿಟೈಲ್‌ಕೋಲಿನ್ ಬಂದು ತಟ್ಟೋ ಬಾಗಿಲು ಮುಚ್ಚುತ್ತೆ, ಅದೂ ಗ್ರಂಥಿ, ಹೃದಯ, ಶ್ವಾಸನಾಳದಲ್ಲಿ, ಕೈಕಾಲು ಸ್ನಾಯುವಿನ ಕಡೆ ತಲೆನೂ ಹಾಕಲ್ಲ. ಕಿಣ್ವ ಬಿಡಿಸೋಕೆ ಪ್ಯಾಮ್ (ಪ್ರಾಲಿಡಾಕ್ಸಿಮ್) ಅನ್ನೋ ಇಂಜೆಕ್ಷನ್ ಇದೆ, ಕೊಡ್ತೀನಿ, ಅದರ ಮೇಲೆ ಅಂಥಾ ಭರವಸೆ ಏನಿಲ್ಲ, ಹೊತ್ತು ಹೋದಷ್ಟೂ ಹಿಡಿತ ಬಿಗಿಯಾಗಿ ಬಿಡಿಸೋಕೇ ಆಗಲ್ಲ, ದೇಹ ಹೊಸ ಕಿಣ್ವ ಮಾಡ್ಕೊಳ್ಳೋ ತನಕ ಕಾಯ್ಬೇಕು.

ಮಾರನೇ ದಿನ ಪೇಷಂಟ್ ಎದ್ದು ಕೂತು ಗಂಜಿ ಕುಡೀತಾನೆ, ಎಸ್ಟೇಟ್ ರೈಟರ್ (ತೋಟದ ಗುಮಾಸ್ತರು) ಬಂದು "ಸರಿ ಆದ್ನಲ್ಲ ಡಾಕ್ಟ್ರೇ, ಕರ್ಕೊಂಡು ಹೋಗ್ಲಾ" ಅಂತಾರೆ. ಬಿಡಲ್ಲ. ಒಂದರಿಂದ ನಾಲ್ಕು ದಿನದೊಳಗೆ ಉಸಿರಾಟದ ಸ್ನಾಯುಗಳೇ ಕೈಕೊಡ್ಬೋದು, ಅದಕ್ಕೂ ಮುಂಚೆ ಸಾಮಾನ್ಯವಾಗಿ ಕುತ್ತಿಗೆ ಸೋಲುತ್ತೆ. ಪ್ರತಿ ರೌಂಡ್ಸಲ್ಲೂ ದಿಂಬಿಂದ ತಲೆ ಎತ್ತಪ್ಪಾ ಅಂತೀನಿ. ಎತ್ತೋಕಾಗ್ಲಿಲ್ವಾ, ಮೈಸೂರಿಗೆ ಆಂಬುಲೆನ್ಸ್, ಅದೂ ಗಂಟಲೊಳಗೆ ಉಸಿರಾಟದ ಟ್ಯೂಬ್ ಹಾಕೇ ಕಳ್ಸೋದು, ಹುಣಸೂರು ದಾರಿ ಕಾಡೊಳಗೆ ಉಸಿರು ನಿಂತ್ರೆ ಯಾರು ನೋಡ್ತಾರೆ.