ಹಳೇ ಮಿಲಿಟರಿ ಹೆಲ್ಮೆಟ್ ಸಿಕ್ಕಿತಾ? ಹುಣಸೆಹುಳಿ ದೂರ ಇಡಿ

ಕಳೆದ ಮಳೆಗಾಲದಲ್ಲಿ ಬದಿಯಡ್ಕ ಕಡೆಯ ಒಬ್ಬ ಹುಡುಗ ಚೀಲದಲ್ಲಿ ಬ್ರಿಟಿಷ್ ಕಾಲದ ಹೆಲ್ಮೆಟ್ ಹಿಡಿದುಕೊಂಡು ಬಂದ. ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕಿದ್ದಂತೆ. "ಹೇಗೆ ಹೊಳೀತಾ ಉಂಟು ನೋಡಿ ಅಣ್ಣ!" ಅಂದ. ಹೊಳೆಯದೆ ಏನು? ಹುಣಸೆಹುಳಿ, ಬೂದಿ ಹಾಕಿ ಕಾಲುದೀಪ ಬೆಳಗುವ ಹಾಗೆ ತಿಕ್ಕಿದ್ದ. ಎಂಬತ್ತು ವರ್ಷದ ಬಣ್ಣ ಬಚ್ಚಲ ನೀರಿನ ಜೊತೆ ಹೋಗಿತ್ತು. ಎರಡೇ ವಾರದಲ್ಲಿ ನಮ್ಮ ಕಡಲ ಗಾಳಿಗೆ ಮೈತುಂಬ ತುಕ್ಕು. ಹೀಗೆ ಹಾಳಾದದ್ದು ನಾನು ನೋಡಿದ್ದು ಇದು ಮೂರನೆಯದು.

ಮೊದಲು ಗುರುತು ಹಿಡಿಯಿರಿ. ನಮ್ಮ ಕಡೆ ಗುಜರಿಯಲ್ಲೋ ಅಟ್ಟದಲ್ಲೋ ನಾನು ನೋಡಿದ್ದೆಲ್ಲ ಅಗಲ ಅಂಚಿನ ಬೋಗುಣಿ ಕವುಚಿಟ್ಟಂತಿರುವ ಬ್ರೋಡಿ ಮಾದರಿ. ಜಾನ್ ಬ್ರೋಡಿ 1915ರಲ್ಲಿ ಪೇಟೆಂಟ್ ಪಡೆದದ್ದು. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರೂ ಹಾಕಿದ್ದು ಇದರ ಮಾರ್ಕ್ 2. ಚಿಪ್ಪು ಒಂದೇ ಉಕ್ಕಿನ ಹಾಳೆ ಒತ್ತಿ ಮಾಡಿದ್ದು, ಚಿಪ್ಪಿನ ಮೈಯಲ್ಲೇ ಬೆಸುಗೆ ಕಂಡರೆ ಕೊಳ್ಳಲೇಬೇಡಿ. ತೂಕ ಒಂದು ಕಿಲೋದ ಆಸುಪಾಸು. ಇದು ಮೇಲಿನಿಂದ ಬೀಳುವ ಶೆಲ್ ಚೂರು ತಡೆಯಲಿಕ್ಕೆ ಮಾಡಿದ್ದು, ನೇರ ಬರುವ ರೈಫಲ್ ಗುಂಡಿಗಲ್ಲ.

ಆಮೇಲೆ ಮ್ಯಾಗ್ನೆಟ್. ಫ್ರಿಜ್ ಬಾಗಿಲಿನದ್ದೇ ಸಾಕು. ಅಂಚಿಗಲ್ಲ, ನೆತ್ತಿಗೆ ಹಿಡಿಯಿರಿ. ಅಂಟದಿದ್ದರೆ ಖುಷಿಪಡಿ. ಅದು ಸುಮಾರು 12% ಮ್ಯಾಂಗನೀಸ್ ಸೇರಿದ ಹ್ಯಾಡ್‌ಫೀಲ್ಡ್ ಉಕ್ಕು. ಮ್ಯಾಗ್ನೆಟ್‌ಗೆ ಸಿಗುವುದಿಲ್ಲ, ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುತ್ತದೆ. ಅಮೆರಿಕದ ಎಂ1 ಹೆಲ್ಮೆಟ್ ಕೂಡ ಇದೇ ಉಕ್ಕಿನದು. ಗಪ್ಪನೆ ಅಂಟಿತೋ, ಅದು ಹೆಚ್ಚಾಗಿ ಮೆದು ಉಕ್ಕು: ಯುದ್ಧಕಾಲದಲ್ಲಿ ನಾಗರಿಕರಿಗೆ ಕೊಟ್ಟದ್ದು, ಇಲ್ಲವೇ ನಾಟಕದ ಸಾಮಾನು. ಜರ್ಮನ್ ಹೆಲ್ಮೆಟ್‌ಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ, ಅಸಲಿಯೂ ಅಂಟುತ್ತದೆ. ಬ್ರೋಡಿಯ ಅಂಚಿನ ಹಿಂಭಾಗದಲ್ಲಿ ಮೂರು ತೂತು ಇದ್ದರೆ ದಕ್ಷಿಣ ಆಫ್ರಿಕಾದ್ದು.

ಈಗ ಎಲ್ಲರೂ ಎಡವುವ ಜಾಗ, ಶುಚಿ ಮಾಡುವುದು. ಸ್ಯಾಂಡ್ ಪೇಪರ್ ಮುಟ್ಟಲೇಬೇಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳು ಎದೆಗೆ ಹೋಗುತ್ತದೆ. ಇನ್ನೊಂದು ವಿಷಯ, ಹೊಳಪು ಕಾಣದಿರಲಿ ಅಂತ ಬಣ್ಣಕ್ಕೆ ಮರಳು ಸೇರಿಸುತ್ತಿದ್ದರು, ಎಂ1ಗೆ ಕಾರ್ಕ್ ಪುಡಿ. ಕೈಗೆ ತರಿತರಿ ಸಿಕ್ಕಿದ್ದನ್ನು ತುಕ್ಕು ಅಂತ ಉಜ್ಜಿ ತೆಗೆದವರೇ ಜಾಸ್ತಿ.

ಮಾಸ್ಕ್ ಹಾಕಿ, ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಡಿಸ್ಟಿಲ್ಡ್ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಸೋಪು. ಹತ್ತಿ ಅದ್ದಿ, ಹಿಂಡಿ, ಅಂಚಿನ ಒಳಗೆ ಉಗುರಿನಷ್ಟು ಜಾಗದಲ್ಲಿ ಒರೆಸಿ ನೋಡಿ. ಹತ್ತಿಗೆ ಹಸಿರೋ ಖಾಕಿಯೋ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಕೊಳೆ ಮಾತ್ರ ಬಂದರೆ ಅಂಗೈ ಅಗಲದಷ್ಟು ಮುಂದುವರಿಸಿ, ಆಗಲೇ ಒಣ ಬಟ್ಟೆಯಲ್ಲಿ ಒತ್ತಿ. ದಿನಕ್ಕೆ ಅಷ್ಟೇ ಸಾಕು. ಉದುರುವ ಕೆಂಪು ತುಕ್ಕಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಟ್ಟು, ಒಂದು ರಾತ್ರಿ ಕಾದು, ಹಿಡಿಸೂಡಿಯ ಕಡ್ಡಿಯಿಂದ ಮೆಲ್ಲ ಎಬ್ಬಿಸಿ. ಗಟ್ಟಿ ಕಂದು ತುಕ್ಕು ಇದ್ದರೆ ಇರಲಿ ಬಿಡಿ. ಅಂಗಡಿಯವರು 'ರಸ್ಟ್ ರಿಮೂವರ್' ಕೊಡಲಿಕ್ಕೆ ನೋಡುತ್ತಾರೆ. ಅದರ ಆಸಿಡ್ ತುಕ್ಕಿನ ಜೊತೆ ಬಣ್ಣವನ್ನೂ ತಿನ್ನುತ್ತದೆ. ತೆಂಗಿನೆಣ್ಣೆಯೂ ಬೇಡ, ಕನರು ಹಿಡಿದು ಧೂಳು ಅಂಟಿಸಿಕೊಳ್ಳುತ್ತದೆ.

ಮಾರ್ಕ್ 2ರ ಒಳಪಟ್ಟಿ ನಿಂತಿರುವುದು ನೆತ್ತಿಯ ಒಂದೇ ಸ್ಕ್ರೂನಲ್ಲಿ. ಬಿಚ್ಚಬೇಡಿ ಅಂತಲೇ ಹೇಳುತ್ತೇನೆ, ಆ ಸ್ಕ್ರೂ ಮುರಿದರೆ ಸರಿಯಾದದ್ದು ಸಿಗುವುದು ಕಷ್ಟ. ಮೊದಲ ಮಹಾಯುದ್ಧದ್ದಾದರೆ ಒಳಗೆ ಕೈ ಹಾಕಲೇಬೇಡಿ, ನೆತ್ತಿಯ ಮೆತ್ತೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ವರ್ಷ, ತಯಾರಕರ ಮುದ್ರೆ ಅಂಚಿನ ಒಳಗೆ, ಗಲ್ಲಪಟ್ಟಿಯ ಕೊಂಡಿ ಹತ್ತಿರ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ.

ಹೊಸ ಕಾಲದ ಕೆವ್ಲಾರ್ ಹೆಲ್ಮೆಟ್ ಬಟ್ಟೆಯ ಪದರಗಳಿಗೆ ರಾಳ ಹಾಕಿ ಒತ್ತಿದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಡಬೇಡಿ, ಅಷ್ಟೇ.

ಎಲ್ಲ ಒಣಗಿದ ಮೇಲೆ ಉಕ್ಕಿಗೆ ಮೈಕ್ರೋಕ್ರಿಸ್ಟಲಿನ್ ಮೇಣ ತೆಳ್ಳಗೆ ಸವರಿ. ಬಚ್ಚಲ ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿಡಬೇಡಿ, ಹೊಗೆಗೂ ಶಾಖಕ್ಕೂ ಚರ್ಮದ ಪಟ್ಟಿ ಸಿಡಿಯುತ್ತದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಜೋರು ಮಳೆಯ ಆಟಿ ತಿಂಗಳಲ್ಲಿ ವಾರಕ್ಕೊಮ್ಮೆ ಬದಲಿಸಿ. ಒಳಗೆ ಹಳೇ ಹತ್ತಿ ಬಟ್ಟೆಯ ಉಂಡೆ ಇಡಿ. ನ್ಯೂಸ್ ಪೇಪರ್ ತುರುಕಬೇಡಿ, ಅದರಲ್ಲಿ ಆಸಿಡ್ ಇದೆ. ಈ ಪುಟವನ್ನೂ ಸೇರಿಸಿಯೇ ಹೇಳಿದ್ದು.