ಕಲಾಸಿಪಾಳ್ಯದ ಕೋಸಿನ ಎಲೆ, ನಮ್ಮ ಸೊಪ್ಪಿನ ತೋಟ

ಈ ಸಲ ದಂಟು ಸೊಪ್ಪಿಗೆ ಒಂದು ಹಿಡಿ ಯೂರಿಯಾನೂ ಹಾಕಿಲ್ಲ, ಬರೀ ಮಾರ್ಕೆಟ್ ಕಸದಿಂದ ಮಾಡಿದ ಗೊಬ್ಬರ. ಆದರೂ ಮಂಡಿಯಲ್ಲಿ ಕಟ್ಟಿಗೆ ಒಂದೆರಡು ರೂಪಾಯಿ ಜಾಸ್ತಿಯೇ ಸಿಕ್ಕಿತು. "ಪೇಟೆ ಕಸ ತಂದು ಹೊಲಕ್ಕೆ ಸುರೀತಾನೆ" ಅಂತ ಆಡಿಕೊಂಡವರೇ ಈಗ ನನ್ನ ತಿಪ್ಪೆ ನೋಡೋಕೆ ಬರುತ್ತಿದ್ದಾರೆ.

ನಮ್ಮ ಹೊಸಕೋಟೆ ಕಡೆ ಮೊದಲೆಲ್ಲ ರಾಗಿ, ಅವರೆ. ಬೆಂಗಳೂರಿಗೆ ದಿನಾ ಸೊಪ್ಪು ಬೇಕು, ನಮಗೆ ದಿನಾ ಕಾಸು ಬೇಕು. ಎಲ್ಲರೂ ಸೊಪ್ಪಿಗೆ ಬಿದ್ದೆವು. ರಾಗಿ ಹೋದ ಮೇಲೆ ಹುಲ್ಲು ಹೋಯಿತು, ಹುಲ್ಲಿನ ಹಿಂದೆ ದನ, ದನದ ಹಿಂದೆ ಗೊಬ್ಬರ. ಕೊತ್ತಂಬರಿಯಂತೂ ಬೇರು ಸಮೇತ ಮಾರ್ಕೆಟ್ ಸೇರುತ್ತದೆ, ಅಲ್ವಾ? ಹೊಲಕ್ಕೆ ವಾಪಸ್ ಬರೋದೇನೂ ಇಲ್ಲ. ಪೇಟೆಯ ಕೊಳಚೆ ನೀರೇ ಸಂಸ್ಕರಣೆಯಾಗಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಮಾರ್ಕೆಟ್‌ನಲ್ಲಿ ಬಿಸಾಡೋ ಎಲೆ ನಮ್ಮ ಹೊಲಕ್ಕೆ ಯಾಕೆ ಬರಬಾರದು?

ಸೊಪ್ಪು ಇಳಿಸಿದ ಟೆಂಪೊ ಹೇಗೂ ಖಾಲಿ ವಾಪಸಾಗುತ್ತದೆ. ಎಂಟುನೂರು ರೂಪಾಯಿ ಆಸುಪಾಸು ಕೊಟ್ಟರೆ ಡ್ರೈವರ್ ಒಂದು ಲೋಡ್ ಕಸ ತರುತ್ತಾನೆ. ಮೊದಲು ಕೆ.ಆರ್. ಮಾರ್ಕೆಟ್ ಹೂವಿನ ಕಸ ತರಿಸಿದೆ. ಹಾರದ ನೈಲಾನ್ ದಾರ ಆರಿಸೋಕೆ ಇಬ್ಬರಿಗೆ ಕೂಲಿ ಕೊಟ್ಟು ಸಾವಿರ ರೂಪಾಯಿ ಕರಗಿತು. ಆಮೇಲೆ ಕಲಾಸಿಪಾಳ್ಯದ ತರಕಾರಿ ಮಾರ್ಕೆಟ್‌ನ ಕೋಸು, ಹೂಕೋಸಿನ ಎಲೆ ಹಿಡಿದೆ. ಶುದ್ಧ ಮಾಲು, ಆದರೆ ಬರೀ ನೀರು. ಮೂರೇ ದಿನಕ್ಕೆ ರಾಶಿ ಕೊಳೆತು ಕಪ್ಪು ರಸ ಹರಿಯಿತು, ನೊಣ ಮುತ್ತಿತು, ಪಕ್ಕದ ಹೊಲದವರು ಜಗಳಕ್ಕೆ ಬಂದರು. ಎಲ್ಲ ಸೇರಿ ಹದಿನೈದು ಸಾವಿರ ಹೋಗಿರಬೇಕು.

ದಾರಿ ಸಿಕ್ಕಿದ್ದು ಒಣ ಮಾಲಿನಿಂದ. ಎರಡು ಪಾಲು ಎಲೆಗೆ ಒಂದು ಪಾಲು ರಾಗಿ ಹೊಟ್ಟು, ತರಗೆಲೆ. ರಾಶಿ ಸೊಂಟದ ಮಟ್ಟ ದಾಟಬಾರದು. ವಾರಕ್ಕೊಮ್ಮೆ ಮಗುಚಬೇಕು. ಕೈ ಇಟ್ಟರೆ ಸುಡಬೇಕು, ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ನೀರು ಬರಬಾರದು. ಎರಡನೇ ಮಗುಚಿಗೆ ನಾನು ಇನ್ನೊಂದು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಮೂರು ತಿಂಗಳಿಗೆ ರಾಶಿ ಕಾಲು ಭಾಗಕ್ಕೆ ಇಳಿಯುತ್ತದೆ. ಕೊಳ್ಳುವ ಕೊಟ್ಟಿಗೆ ಗೊಬ್ಬರಕ್ಕಿಂತ ಅರ್ಧ ಖರ್ಚು.

ಈರುಳ್ಳಿ ಸಿಪ್ಪೆಯನ್ನು ಮುಚ್ಚಿಗೆಗೆ ಹಾಕಿ ನೋಡಿದೆ, ಗಾಳಿಗೆ ಹಾರಿ ಹೋಯಿತು. ಆಯುಧ ಪೂಜೆ ಮಾರನೇ ದಿನ ಬೀದಿಯಲ್ಲಿ ಬಿಟ್ಟುಹೋಗುವ ಬಾಳೆಕಂದು ಮಾತ್ರ ಚಿನ್ನ. ಸೀಳಿ ಹಾಕಿದರೆ ರಾಶಿಯ ತೇವ ಬೇಗ ಆರುವುದಿಲ್ಲ.

ಈಗ ಒಣ ಮಾಲು ಕೊಳ್ಳೋದೇ ದೊಡ್ಡ ಖರ್ಚು. ಅದಕ್ಕೇ ಈ ಮುಂಗಾರಿಗೆ ಅರ್ಧ ಎಕರೆಯಲ್ಲಿ ಸೊಪ್ಪು ಬಿಟ್ಟು ಮತ್ತೆ ರಾಗಿ ಬಿತ್ತುತ್ತಿದ್ದೇನೆ, ಸಾಲಿನ ಮಧ್ಯೆ ಅವರೆ.