ಮೊದಲ ಗಿರಾಕಿಯ ಪ್ರಶ್ನೆ: ನೈರೋಬಿಯ ಹೊರಗುತ್ತಿಗೆ ಸಮಾವೇಶಗಳಲ್ಲಿ ನನ್ನ ಅನುಭವ

ಬೇರೆ ಸಂಸ್ಥೆಗಳ ಕಚೇರಿ ಕೆಲಸವನ್ನು ಗುತ್ತಿಗೆಗೆ ಮಾಡಿಕೊಡುವ ಬೆಂಗಳೂರಿನ ಬಿಪಿಓ ಕಂಪನಿಯೊಂದರಲ್ಲಿ ದಾಖಲೆ ಸಂಸ್ಕರಣೆಯ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ನನ್ನನ್ನು ನೈರೋಬಿಯ ಹೊರಗುತ್ತಿಗೆ ಸಮಾವೇಶವೊಂದಕ್ಕೆ ಮೊದಲ ಸಲ ಕರೆದದ್ದು 2010ರಲ್ಲಿ. ಹಿಂದಿನ ವರ್ಷವಷ್ಟೇ ಟೀಮ್ಸ್ ಮತ್ತು ಸೀಕಾಮ್ ಎಂಬ ಎರಡು ಸಮುದ್ರತಳದ ಕೇಬಲ್‌ಗಳು ಮೊಂಬಾಸಾದ ದಡ ಸೇರಿದ್ದವು. ಅದಕ್ಕೂ ಮುಂಚೆ ಅಲ್ಲಿನ ಕಾಲ್ ಸೆಂಟರುಗಳು ಉಪಗ್ರಹವನ್ನೇ ನಂಬಿಕೊಂಡಿದ್ದವು; ಮಾತು ಹೋಗಿ ಉತ್ತರ ಬರುವಷ್ಟರಲ್ಲಿ ಸುಮಾರು ಅರ್ಧ ಸೆಕೆಂಡು ಕಳೆದುಹೋಗುತ್ತಿದ್ದುದರಿಂದ ಇಬ್ಬರೂ ಒಟ್ಟಿಗೇ ಮಾತು ಶುರುಮಾಡುವುದು, ಒಟ್ಟಿಗೇ ನಿಲ್ಲಿಸುವುದು ದಿನವಿಡೀ ನಡೆಯುತ್ತಿತ್ತು ಎಂದು ಅಲ್ಲಿನವರು ಹೇಳುತ್ತಿದ್ದರು. ಕೀನ್ಯಾ ಸರ್ಕಾರ 2008ರಲ್ಲಿ ಪ್ರಕಟಿಸಿದ ‘ವಿಷನ್ 2030’ ಯೋಜನೆಯು ಬಿಪಿಓ ಉದ್ಯಮವನ್ನು ಆರು ಆದ್ಯತೆಯ ಆರ್ಥಿಕ ಕ್ಷೇತ್ರಗಳಲ್ಲಿ ಒಂದೆಂದು ಎಣಿಸಿತ್ತು. ಹಾಗಾಗಿ ಸಭಾಂಗಣದಲ್ಲಿ ಉತ್ಸಾಹ ತುಂಬಿತ್ತು.

ನಾನು ಭಾರತದ ಕಥೆ ಹೇಳಿದೆ. ಇಂಗ್ಲಿಷ್ ಬಲ್ಲ ಪದವೀಧರರು, ಕಡಿಮೆ ಸಂಬಳ, ನೈರೋಬಿ ಲಂಡನ್ನಿಗಿಂತ ಎರಡು ಮೂರು ಗಂಟೆಯಷ್ಟೇ ಮುಂದಿರುವುದರಿಂದ ಅಲ್ಲಿನವರಿಗಿರುವ ರಾತ್ರಿ ಪಾಳಿಯ ಕಾಟವಿಲ್ಲದ ಅನುಕೂಲ, ಇವನ್ನೆಲ್ಲ ವಿವರಿಸಿ ಕೂತೆ. ಚಹಾದ ವಿರಾಮದಲ್ಲಿ ಮೂವತ್ತು ಕುರ್ಚಿಗಳ ಪುಟ್ಟ ಕಂಪನಿ ನಡೆಸುತ್ತಿದ್ದ ಮಹಿಳೆಯೊಬ್ಬರು ಬಂದು, “ಯಾವ ವಿದೇಶಿ ಗಿರಾಕಿಯ ಬಳಿ ಹೋದರೂ ಈವರೆಗೆ ಯಾರ ಕೆಲಸ ಮಾಡಿದ್ದೀರಿ ಎಂದೇ ಮೊದಲು ಕೇಳುತ್ತಾರೆ. ನಿಮಗೆ ಮೊದಲ ಗಿರಾಕಿ ಸಿಕ್ಕಿದ್ದು ಹೇಗೆ?” ಎಂದು ಕೇಳಿದರು. ನನ್ನ ನಲವತ್ತು ನಿಮಿಷದ ಭಾಷಣದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಉತ್ತರ ನನ್ನ ಬದುಕಿನಲ್ಲೇ ಇತ್ತು. ನಾನು ಈ ಕಸುಬಿಗೆ ಬಂದದ್ದು ಯಾವ ಅಮೆರಿಕದ ಬ್ಯಾಂಕಿನ ಕೆಲಸದಿಂದಲೂ ಅಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಸರ್ಕಾರ ಖಾಸಗಿ ಡೇಟಾ ಎಂಟ್ರಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಾಗ, ತಾಲ್ಲೂಕು ಕಚೇರಿಯ ಒಂದು ಕೋಣೆಯಲ್ಲಿ ಕೂತು ಟೈಪ್ ಮಾಡಿದವರಲ್ಲಿ ನಾನೂ ಒಬ್ಬ. ಗ್ರಾಮ ಲೆಕ್ಕಿಗರ ಕೈಬರಹ, ಸರ್ವೆ ನಂಬರಿನ ಪಕ್ಕದ ಹಿಸ್ಸಾ, ಎಕರೆ, ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಗುಂಟೆಯ ಕಾಲಂನಲ್ಲಿ 43 ಎಂದು ಕಂಡರೆ ಎಲ್ಲೋ ಎಡವಿದ್ದೇವೆಂದೇ ಅರ್ಥ. ಗುಣಮಟ್ಟ ಎಂದರೇನೆಂದು ನಾನು ಕಲಿತದ್ದು ಆ ಕಾಲಂನಿಂದ. ನಮ್ಮ ಸಂಸ್ಥೆ ಮುಂದೆ ಹೊರಗಿನ ಗಿರಾಕಿಗಳಿಗೆ ತೋರಿಸಿದ್ದೂ ಅದೇ ಕೆಲಸದ ಲೆಕ್ಕಪತ್ರವನ್ನು.

ಮರುವರ್ಷ ಮತ್ತೆ ಆಹ್ವಾನ ಬಂದಾಗ ನನಗೆ ವೇದಿಕೆ ಬೇಡ, ಒಂದು ಕೊಠಡಿ ಮತ್ತು ಹತ್ತು ಕಂಪ್ಯೂಟರು ಕೊಡಿ ಎಂದು ಸಂಘಟಕರನ್ನು ಕೇಳಿಕೊಂಡೆ. ಹೆಸರು ವಿಳಾಸಗಳನ್ನೆಲ್ಲ ಬದಲಿಸಿ ಕೈಯಲ್ಲೇ ಬರೆಸಿದ್ದ ಇನ್ನೂರು ವಿಮಾ ಅರ್ಜಿಗಳನ್ನು ಒಯ್ದಿದ್ದೆ. ಐದು ಸ್ಥಳೀಯ ಕಂಪನಿಗಳು ತಲಾ ಇಬ್ಬರನ್ನು ಕಳಿಸಿದವು. ಒಂದೇ ಅರ್ಜಿಯನ್ನು ಇಬ್ಬರೂ ಬೇರೆಬೇರೆಯಾಗಿ ಟೈಪ್ ಮಾಡುವುದು, ಎರಡೂ ತಾಳೆಯಾಗದ ಕಡೆ ಮಾತ್ರ ಮೂರನೆಯವರು ಮೂಲವನ್ನು ನೋಡಿ ತೀರ್ಮಾನಿಸುವುದು, ಇದು ನಮ್ಮಲ್ಲಿ ರೂಢಿಯಲ್ಲಿದ್ದ ಕ್ರಮ. ಮೊದಲ ಗಂಟೆಯಲ್ಲೇ ಒಂದು ವಿಚಿತ್ರ ಕಾಣಿಸಿತು. ಅರ್ಜಿಗಳು ಅಮೆರಿಕದ ನಮೂನೆಯವು. ಅಲ್ಲಿ ತಿಂಗಳು ಮೊದಲು, ದಿನಾಂಕ ಆಮೇಲೆ. ಕೀನ್ಯಾದವರು ನಮ್ಮಂತೆಯೇ ದಿನಾಂಕವನ್ನು ಮೊದಲು ಬರೆಯುವವರು. ಆದ್ದರಿಂದ 03/04 ಎಂಬುದನ್ನು ಇಬ್ಬರೂ ಏಪ್ರಿಲ್ 3 ಎಂದೇ ಓದಿದ್ದರು, ಇಬ್ಬರದೂ ತಾಳೆಯಾಗಿತ್ತು, ಆದರೆ ಇಬ್ಬರದೂ ತಪ್ಪಾಗಿತ್ತು. ಅದನ್ನು ಪತ್ತೆ ಹಚ್ಚಿದ್ದು ನಾನಲ್ಲ. ಆಸ್ಪತ್ರೆಗೆ ಸೇರುವ ಮೊದಲೇ ಬಿಡುಗಡೆಯಾದ ರೋಗಿ ಹೇಗೆ ಇರಲು ಸಾಧ್ಯ ಎಂದು ಕೇಳಿದ ಇಪ್ಪತ್ತೆರಡರ ಹುಡುಗಿ. ಎದುರಿಗೆ ಕೂತಿದ್ದ, ಹೊರಗುತ್ತಿಗೆ ಕೊಡುವ ಕಂಪನಿಯೊಂದರ ಪ್ರತಿನಿಧಿ ಅದುವರೆಗೆ ಸಂಬಳದ ದರವನ್ನಷ್ಟೇ ವಿಚಾರಿಸುತ್ತಿದ್ದವರು, ಆ ಹುಡುಗಿಗೆ ಎಷ್ಟು ದಿನದ ತರಬೇತಿ ಆಗಿದೆ ಎಂದು ಕೇಳಿದರು.

ಸಂಬಳದ ಮಾತು ಬಂದದ್ದರಿಂದ ಒಂದು ಮಾತು ಹೇಳಬೇಕು. ಆಫ್ರಿಕಾ ಅಗ್ಗ ಎಂದು ಇಂಥ ಸಮಾವೇಶಗಳಲ್ಲಿ ಸಾರುವುದನ್ನು ನಾನು ಒಪ್ಪುವುದಿಲ್ಲ. ಮೂವತ್ತು ಕುರ್ಚಿಗಳ ಕಂಪನಿಯ ಆ ಮಹಿಳೆಯ ಲೆಕ್ಕದ ಪುಸ್ತಕವನ್ನು ಜೊತೆಯಲ್ಲಿ ಕೂತು ನೋಡಿದಾಗ ಬಾಡಿಗೆ, ಬ್ಯಾಂಡ್‌ವಿಡ್ತ್ ಮತ್ತು ಜನರೇಟರಿನ ಡೀಸೆಲ್ ಸೇರಿ ಸಂಬಳದ ಉಳಿತಾಯವನ್ನು ತಿಂದುಹಾಕುತ್ತಿದ್ದವು. ಅಗ್ಗವೆಂದು ಬಂದ ಗಿರಾಕಿ ಇನ್ನೂ ಅಗ್ಗದ ಊರು ಸಿಕ್ಕಿದ ದಿನ ಎದ್ದು ಹೋಗುತ್ತಾನೆ.

ಅಂದಿನಿಂದ ಪ್ರತಿ ಸಮಾವೇಶದಲ್ಲೂ ಸರ್ಕಾರಿ ಅಧಿಕಾರಿಗಳ ಮುಂದೆ ನಾನು ಇಟ್ಟ ಬೇಡಿಕೆ ಒಂದೇ: ನಿಮ್ಮ ಕಪಾಟುಗಳಲ್ಲಿರುವ ಕಾಗದವನ್ನು ನಿಮ್ಮ ಊರಿನ ಹುಡುಗರಿಗೆ ಕೊಡಿ. ದಾಖಲೆ ಕಚೇರಿಯಿಂದ ಹೊರಗೆ ಹೋದರೆ ಕಳೆದುಹೋಗುತ್ತದೆಂಬ ಅವರ ಭಯ ನ್ಯಾಯವಾದದ್ದೇ. ಕಾಗದ ಹೊರಗೆ ಹೋಗಬೇಕಿಲ್ಲ, ನಾವು ಕಂಪ್ಯೂಟರುಗಳನ್ನೇ ತಾಲ್ಲೂಕು ಕಚೇರಿಯೊಳಕ್ಕೆ ಒಯ್ದಿದ್ದೆವು, ಗ್ರಾಮ ಲೆಕ್ಕಿಗರು ಮುದ್ರಿತ ಪ್ರತಿಯನ್ನು ತಿದ್ದಿ ರುಜು ಹಾಕಿದ ಮೇಲೆಯೇ ನಮ್ಮ ಕೆಲಸ ಮುಗಿಯುತ್ತಿತ್ತು ಎಂದು ವಿವರಿಸುತ್ತಿದ್ದೆ. ನೈರೋಬಿಯ ಭೂದಾಖಲೆಗಳಿಗಾಗಿ ‘ಅರ್ಧಿಸಾಸಾ’ ಎಂಬ ಡಿಜಿಟಲ್ ವ್ಯವಸ್ಥೆ ಆರಂಭವಾದದ್ದು 2021ರ ಏಪ್ರಿಲ್‌ನಲ್ಲಿ.

ಆ ಮಹಿಳೆ ಅಷ್ಟು ಕಾಲ ಕಾಯಲಿಲ್ಲ. ನೈರೋಬಿಯ ಖಾಸಗಿ ಆಸ್ಪತ್ರೆಯೊಂದರ ಹಳೆಯ ರಿಜಿಸ್ಟರುಗಳನ್ನು ಮೂರು ತಿಂಗಳ ಕರಾರಿನ ಮೇಲೆ ಹಿಡಿದು, ಹನ್ನೆರಡು ಜನರನ್ನು ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಕೂರಿಸಿ ಮುಗಿಸಿದರು. ಮೊದಲ ವಾರ ನಾನು ಅವರ ಜೊತೆಗಿದ್ದೆ. ಮುಂದಿನ ಸಮಾವೇಶದಲ್ಲಿ ಅವರ ಮೇಜಿನ ಮೇಲೆ ಬಣ್ಣದ ಕರಪತ್ರಗಳಿರಲಿಲ್ಲ. ಆಸ್ಪತ್ರೆ ಕೊಟ್ಟ ಪತ್ರವೊಂದು ಮತ್ತು ಹದಿಮೂರು ವಾರಗಳ ತಪ್ಪುಗಳ ಪಟ್ಟಿ, ಪ್ರತಿ ತಪ್ಪಿನ ಮುಂದೆ ಅದನ್ನು ತಿದ್ದಿದ ದಿನಾಂಕ, ಇಷ್ಟನ್ನೇ ಜೋಡಿಸಿಟ್ಟುಕೊಂಡು ಬಂದವರಿಗೆಲ್ಲ ಪುಟ ತಿರುವಿ ತೋರಿಸುತ್ತಿದ್ದರು.